ಚೆಕ್‌ಪೋಸ್ಟ್ ಪದ್ಮಮ್ಮ

ಭದ್ರಾವತಿಯ ನಮ್ಮ ಬೀದಿಯಲ್ಲಿ ಯಾರಿಗೇ ನೆಗಡಿಯಾದರೂ ಮೊದಲು ಗೊತ್ತಾಗುವುದು ನಮ್ಮಮ್ಮನಿಗೆ, ಆಮೇಲೆ ನೆಗಡಿಯಾದವರಿಗೆ. ಅವಳ ಹೆಸರು ಪದ್ಮಮ್ಮ. ಬೀದಿಯವರು ಇಟ್ಟ ಹೆಸರು ಚೆಕ್‌ಪೋಸ್ಟ್ ಪದ್ಮಮ್ಮ. ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ, ಕೊರೊನಾ ಕಾಲದ ಜ್ವರ ನೋಡುವ ಗನ್ನನ್ನು ಹಣೆಗೆ ಗುರಿಯಿಡುತ್ತಿದ್ದಳು. ಅದು ಪಾಸು ಮಾಡಿದರೂ ಬಿಡುತ್ತಿರಲಿಲ್ಲ. "ಎಲ್ಲಿ, ಒಂದ್ಸಲ ಜೋರಾಗಿ ಉಸಿರೆಳ್ಕೊಳ್ಳಿ" ಎಂದು ಮೂಗಿನ ಸದ್ದು ಕೇಳುತ್ತಿದ್ದಳು. ಅರಿಶಿನ ಕುಂಕುಮ ಕೊಡಲು ಬಂದ ಪಕ್ಕದ ಮನೆಯಾಕೆ ಕೆಮ್ಮಿದ್ದೇ ತಪ್ಪಾಯಿತು. ಪಾಪ, ಕುಂಕುಮದ ಬಟ್ಟಲನ್ನು ಕಾಂಪೌಂಡಿನ ಮೇಲಿಟ್ಟು ವಾಪಸ್ಸು ಹೋದಳು.

ಇಷ್ಟೆಲ್ಲ ನಮ್ಮಣ್ಣ ದೇವರಾಜನ ಮಗಳು ವಾಣಿಗಾಗಿ. ಎಂಟು ವರ್ಷದ ವಾಣಿಗೆ ಸೆರೆಬ್ರಲ್ ಪಾಲ್ಸಿ. ಕೈಕಾಲು ಸ್ವಾಧೀನದಲ್ಲಿಲ್ಲ, ಮಾತು ಕಷ್ಟ. ತುಂಟತನಕ್ಕೆ ಮಾತ್ರ ಯಾವ ಕೊರತೆಯೂ ಇಲ್ಲ. ಬೇಡದ ಗಂಜಿಯನ್ನು ಬಾಯಲ್ಲಿ ಕೂಡಿಟ್ಟುಕೊಂಡು, ಅಜ್ಜಿಯ ಮುಖ ಹತ್ತಿರ ಬರುವವರೆಗೂ ಕಾದು ಫುರ್ರೆಂದು ಊದುತ್ತಾಳೆ.

ಹೋದ ವರ್ಷ ಮನೆಯಲ್ಲಿ ಎಲ್ಲರಿಗೂ ಶೀತವಾಯಿತು. ನಾವೆಲ್ಲ ಕಷಾಯ ಕುಡಿದು ಎದ್ದೆವು. ವಾಣಿ ಆಸ್ಪತ್ರೆ ಸೇರಿದಳು. ಶೀತ ಹೋದರೂ ಜ್ವರ ಹೋಗಲಿಲ್ಲ, ಮೈ ಬಿಗಿಯುತ್ತಲೇ ಬಂತು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅವಳನ್ನು ನೋಡುವ ಡಾಕ್ಟರ್ ಶಶಿಧರ್ ಅಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು.

"ನೋಡಿ ಪದ್ಮಮ್ಮ, ನಮ್ಮ ಮೈ ಸೋಂಕಿನ ಜೊತೆ ಹೊಡೆದಾಡುತ್ತೆ, ಗೆದ್ಮೇಲೆ ಸುಮ್ನಾಗುತ್ತೆ. ಇಂಥ ಕೆಲವು ಮಕ್ಕಳಲ್ಲಿ ಆ ರೋಗನಿರೋಧಕ ಶಕ್ತಿ ಬೇಗ ಸುಮ್ನಾಗಲ್ಲ. ಉರಿಯೂತ ಹಾಗೇ ಉಳಿದು ಮಗೂಗೇ ತೊಂದ್ರೆ ಕೊಡುತ್ತೆ ಅಂತ ಕಾಣುತ್ತೆ, ಇನ್ನೂ ಸಂಶೋಧನೆ ನಡೀತಿದೆ. ಲಸಿಕೆ ತಪ್ಪಿಸ್ಬೇಡಿ, ಕೈ ತೊಳ್ಕೊಳ್ಳಿ, ಶೀತ ಇರೋರು ದೂರ ಇರ್ಲಿ. ಹಾಗಂತ ಮಗೂನ ಕೂಡಿ ಹಾಕ್ಬೇಡಿ."

ಕೊನೆಯ ಮಾತು ಬರುವಷ್ಟರಲ್ಲಿ ಅಮ್ಮ ಎದ್ದು ಚಪ್ಪಲಿ ಮೆಟ್ಟುತ್ತಿದ್ದಳು. ಅಂದಿನಿಂದ ನಮ್ಮ ಮನೆಗೆ ನೆಂಟರಿಲ್ಲ, ಇಷ್ಟರಿಲ್ಲ.

"ಅಮ್ಮ, ವಾಣಿ ಮೈಗಿರೋ ತೊಂದ್ರೆ ನಿಂಗೂ ಅಂಟ್ಕೊಂಡಿದೆ. ವೈರಿ ಹೋಗಿ ವರ್ಷವಾದ್ರೂ ನೀನು ಹೊಡೆದಾಡ್ತಾನೇ ಇದೀಯ" ಎಂದೆ ಒಮ್ಮೆ.

"ಮೊದ್ಲು ನಿನ್ ಮದ್ವೆ ಆಗ್ಲಿ, ಆಮೇಲೆ ನಂಗ್ ಬುದ್ಧಿ ಹೇಳುವಿಯಂತೆ" ಎಂದಳು.

ಮದುವೆ ಆಗಬೇಕೆಂದೇ ನನಗೂ ಆಸೆ. ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯ ದುಶ್ಯಂತನನ್ನು ನಾನು ಒಪ್ಪಿದ್ದೆ, ಅವನೂ ನನ್ನನ್ನು ಒಪ್ಪಿದ್ದ. ಹಿರಿಯರು ಬಂದು ಹೆಣ್ಣು ನೋಡುವ ಶಾಸ್ತ್ರವೊಂದೇ ಬಾಕಿ. ಭಾನುವಾರ ಬಂದರು. ಗನ್ನಿನ ಪರೀಕ್ಷೆಯಲ್ಲಿ ಎಲ್ಲರೂ ಪಾಸಾದರು. ದುಶ್ಯಂತನ ಅಪ್ಪ ಭೂತಪ್ಪನವರು ಮೆಟ್ಟಿಲ ಮೇಲೆ ಕಾಲಿಟ್ಟವರೇ ಸೀನಿದರು. ಒಂದೇ ಸೀನು.

ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ. ಅವರ ಹೆಂಡತಿ ಗಾಬರಿಯಾಗಿ, "ರೀ, ಇನ್ನೊಂದು ಸೀನಿಬಿಡ್ರಿ, ಒಳ್ಳೆ ಕೆಲ್ಸಕ್ಕೆ ಬಂದಿದೀವಿ" ಎಂದರು. ಭೂತಪ್ಪನವರು ಸೂರ್ಯನನ್ನು ದಿಟ್ಟಿಸಿದರು, ಶಲ್ಯದ ತುದಿ ಹೊಸೆದು ಮೂಗಿಗೆ ತುರುಕಿದರು, ಕೊನೆಗೆ ಇಡೀ ಬೀದಿಗೆ ಕೇಳುವಂತೆ ಸೀನಿದರು. ಅವರ ಕಡೆಯವರ ಮುಖ ಅರಳಿತು. ಅಮ್ಮ ದಡಾರನೆ ಬಾಗಿಲು ಹಾಕಿ ಚಿಲಕ ಜಡಿದಳು.

ನಾನು ಒಳಗೆ ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

"ಹೊಸ್ತಿಲಿಗೆ ಬಂದೋರ ಮುಖಕ್ಕೆ ಬಾಗಿಲು ಹಾಕೋ ಮನೆ ಸಂಬಂಧ ನಮಗೆ ಬೇಡ. ನಡೀರಿ" ಎಂದರು ದುಶ್ಯಂತನ ಅಮ್ಮ. ನಾನು ತಟ್ಟೆ ಕೆಳಗಿಟ್ಟು, ವಾಣಿಯ ಗಾಲಿಕುರ್ಚಿ ಇದ್ದ ಕಿಟಕಿಗೆ ಓಡಿದೆ. "ಅಮ್ಮ ಬಾಗಿಲು ಹಾಕಿದ್ದು ಶಕುನಕ್ಕಲ್ಲ, ದಯವಿಟ್ಟು ಹೋಗ್ಬೇಡಿ. ಈ ಮಗೂಗೆ ಶೀತ ಅಂಟಿದ್ರೆ ಆಸ್ಪತ್ರೆ ಸೇರ್ತಾಳೆ, ಅದಕ್ಕೇ" ಎಂದೆ. ಅಳು ಬರುತ್ತಿತ್ತು.

ಭೂತಪ್ಪನವರು ವಾಣಿಯನ್ನು ನೋಡಿದರು, ತಮ್ಮ ಹೆಂಡತಿಯನ್ನೂ ಒಮ್ಮೆ ನೋಡಿದರು. "ಶೀತ ಅಲ್ಲಮ್ಮ, ನಶ್ಯ" ಎಂದು ಸೊಂಟದಿಂದ ಪುಟ್ಟ ಡಬ್ಬಿ ತೆಗೆದು ಕಿಟಕಿಗೆ ಹಿಡಿದರು.

"ನಶ್ಯನಾ! ಬಿಟ್ಟಿದೀನಿ ಅಂತ ನನ್ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ರಲ್ರೀ!"

"ಬಿಟ್ಟಿದ್ದೆ ಮಾರಾಯ್ತಿ, ಅಭ್ಯಾಸ ತಪ್ಪಿದ್ದಕ್ಕೇ ಸೀನು ಬಂತು. ದೊಡ್ಡ ಮಾತುಕತೆ, ಧೈರ್ಯಕ್ಕೆ ಒಂದ್ ಚಿಟಿಕೆ ಹಾಕ್ಕೊಂಡೆ."

"ನಶ್ಯನೋ ನೆಗಡಿನೋ, ಮೂಗಿನೊಳಗೆ ಇಳಿದು ನೋಡಿದೋರ್ಯಾರು?" ಎಂದಳು ಅಮ್ಮ ಒಳಗಿನಿಂದ.

ಭೂತಪ್ಪನವರಿಗೆ ರೋಷ ಬಂತು. ಅಂಗಳದ ಆ ತುದಿಗೆ ಹೋಗಿ, ಎಲ್ಲರೆದುರೇ ಇನ್ನೊಂದು ಚಿಟಿಕೆ ಏರಿಸಿದರು. ಶಲ್ಯ ಅಡ್ಡ ಹಿಡಿದು ಸೀನಿದ ರಭಸಕ್ಕೆ ಅವರ ಕನ್ನಡಕ ಹಾರಿ ದಾಸವಾಳದ ಗಿಡಕ್ಕೆ ಸಿಕ್ಕಿಕೊಂಡಿತು. ವಾಣಿ ಮೈಯೆಲ್ಲ ಕುಲುಕುವಂತೆ ನಕ್ಕಳು. ನಗು ನಿಂತ ಮೇಲೆ ಕತ್ತು ತಿರುಗಿಸಿ, ತುಟಿ ಸೊಟ್ಟ ಮಾಡಿ, ಬಹಳ ಕಷ್ಟಪಟ್ಟು ಅವರತ್ತ ಒಂದು ಮಾತು ಎಸೆದಳು.

"ಬಾ."

ಜ್ವರ ಬರುವ ಮುಂಚೆ, ಬಾಗಿಲಿಗೆ ಯಾರೇ ಬಂದರೂ ಅವಳು ಹಾಗೆ ಕರೆಯುತ್ತಿದ್ದಳು. ಆಮೇಲೆ ಕರೆದೇ ಇರಲಿಲ್ಲ. ಇದ್ದ ಒಂದು ಮಾತನ್ನೂ ಜ್ವರ ತಿಂದುಹಾಕಿತು ಎಂದು ಅಮ್ಮ ಎಷ್ಟು ಅತ್ತಿದ್ದಳೋ. ಜ್ವರ ಅದನ್ನು ಮುಟ್ಟಿರಲೇ ಇಲ್ಲ. ಕರೆಯೋಣವೆಂದರೆ ವರ್ಷದಿಂದ ಯಾರೂ ಬಾಗಿಲವರೆಗೆ ಬಂದಿರಲಿಲ್ಲ, ಅಷ್ಟೆ.

ಅಮ್ಮ ವಾಣಿಯತ್ತ ತಿರುಗಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಚಿಲಕ ತೆಗೆದು, ಭೂತಪ್ಪನವರ ಕೈಗೆ ಸೋಪು ಕೊಟ್ಟಳು.

"ಕೈಕಾಲು ತೊಳ್ಕೊಂಡು ಒಳಗ್ ಬನ್ನಿ ಬೀಗರೇ, ಮಗು ಕರೀತಿದೆ."