ಗಂಗವ್ವನ ಉಡಿಗೆ ಬಿದ್ದ ರುಮಾಲು

ಗಡಹಿಂಗ್ಲಜ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಇಚಲಕರಂಜಿಯಿಂದ ನನ್ನ ಪಕ್ಕದಲ್ಲಿ ಬಂದ ಗಂಗವ್ವ ಅಲ್ಲಿ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುವವಳು. ಅವಳಪ್ಪ ತವರೂರಿನ ಗೌಡ. ಗಂಡುಮಕ್ಕಳಿಲ್ಲದೆ ಈಚೆಗೆ ತೀರಿಕೊಂಡಿದ್ದ. ಊರವರು ಕರೆಸಿದ್ದರು, ಯಾಕೆಂದು ಅವಳಿಗೆ ಗೊತ್ತಿರಲಿಲ್ಲ.

"ಅಪ್ಪ ಇರದಿದ್ರೂ ತವರು ತವರಽರಿ. ಹೊತ್ತೇರೂತನಕಾ ಮಲಗಾಕ ಸಿಗತೈತಿ," ಎಂದಿದ್ದಳು ದಾರಿಯಲ್ಲಿ.

ನಾವು ಇಲ್ಲಿ ಬಸ್ಸಿಳಿದ ಕೂಡಲೇ, ಅವಳಿಗಾಗಿ ಕಾಯುತ್ತ ಕೂತಿದ್ದ ಅವಳೂರಿನ ಹಿರಿಯರು ದಡಬಡಿಸಿ ಎದ್ದು ನಿಂತರು. ಮುದುಕನೊಬ್ಬ ಅವಳಪ್ಪ ತಲೆಗೆ ಸುತ್ತುತ್ತಿದ್ದ ರುಮಾಲನ್ನು ಅವಳ ಮುಂದೆ ಹಿಡಿದ.

"ಇನ್ನ ನೀವಽ ನಮ್ಮ ಗೌಡ್ರು. ಊರೆಲ್ಲಾ ಒಪ್ಪೇತ್ರಿ."

"ಸಣ್ಣಾಕಿದ್ದಾಗ ನನ್ನನ್ನ ಹೆಗಲ ಮ್ಯಾಲ ಹೊತ್ತು ತಿರಗಿದಾವ ನೀನು, ಕಾಕಾ. ನನಗ ನೀವು ಅಂತಿ?"

ಅವನು ರುಮಾಲನ್ನು ಇನ್ನಷ್ಟು ಮುಂದೆ ಚಾಚಿದ. ಹೆಂಗಸಿನ ತಲೆಗೆ ರುಮಾಲು ಸುತ್ತುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಗಂಗವ್ವನೇ, ತವರಿನಿಂದ ಹೊರಟ ಮಗಳು ಅಕ್ಕಿ ಕೊಬ್ಬರಿಗೆ ಉಡಿ ಒಡ್ಡುವ ಹಾಗೆ, ಸೆರಗು ಒಡ್ಡಿದಳು. ರುಮಾಲು ಅದರೊಳಗೆ ಬಿತ್ತು.

"ಪಂಚಮಿ ಹಬ್ಬಕ್ಕ ನನ್ನ ತವರಿಗೆ ಕರಿಯಾಕ ಇನ್ನ ಯಾರ ಬರತಾರ, ಕಾಕಾ?"

ಮುದುಕ ಅವಳ ಗಂಟನ್ನು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಚಕ್ಕಡಿ ಹೂಡೇವ್ರಿ, ಗೌಡ್ರ."