ರುದ್ರಮುನಿ ಮಾಸ್ತರರ ಎರಡು ವೆಕ್ಟರ್

ನಮ್ಮ ಮನೆಯವರು, ರುದ್ರಮುನಿ ಮಾಸ್ತರರು, ಬ್ಯಾಡಗಿಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಹೇಳುತ್ತಾರೆ. ಹೋದ ವರ್ಷ ಕಂಪ್ಯೂಟರ್ ಮೇಡಂ ವರ್ಗವಾಗಿ ಹೋದರು. ಪ್ರಿನ್ಸಿಪಾಲರು ಆ ಪಾಠವನ್ನೂ ಇವರ ತಲೆಗೇ ಕಟ್ಟಿದರು. ಅಲ್ಲಿಂದ ನನ್ನ ಕರ್ಮ ಶುರುವಾಯಿತು.

ದಿನಾ ರೊಟ್ಟಿಯ ಮುಂದೆ ಕೂತು ಒಂದೇ ರಗಳೆ. "ಮುಂಜಾನೆ ಗಣಿತದಾಗ ವೆಕ್ಟರ್ ಅಂದ್ರ ಇಂತಿಷ್ಟ ಅಂಕಿ, ಒಂದೊಂದಕ್ಕೂ ಅದರದ ಜಾಗ ಅಂತ ಹೇಳ್ತೇನಿ. ಮೊದಲನೇದಕ್ಕ ಮೊದಲನೇದು, ಎರಡನೇದಕ್ಕ ಎರಡನೇದು ಕೂಡಸಬೇಕು. ಮಧ್ಯಾಹ್ನ ಕಂಪ್ಯೂಟರ್ ಪ್ರೋಗ್ರಾಮಿನ್ಯಾಗ ವೆಕ್ಟರ್ ಅಂದ್ರ ಬರೇ ಪಾಳಿ. ಬಂದದ್ದನ್ನ ಬಾಲಕ್ಕ ಹಚ್ಕೋಂತ ಹೋಗೋದು. ಇದಕ್ಕ ಆ ಹೆಸರಿಟ್ಟಾವ್ನ ತಲಿ ಎಲ್ಲಿತ್ತೋ ಏನೋ."

"ಎರಡೂ ಬ್ಯಾರೆ ಅಂತ ಹುಡುಗ್ರಿಗೆ ಹೇಳೀರೇನ್ರಿ?" ಎಂದೆ ಒಮ್ಮೆ.

"ಅಷ್ಟೂ ತಿಳಿಯೂದಿಲ್ಲೇನ ಅವ್ರಿಗೆ?" ಎಂದು ನನ್ನ ಮೇಲೇ ಹರಿಹಾಯ್ದರು.

ತಿಳಿಯಲಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯ ಹಮಾಲ ಗಿರಿಯಪ್ಪನ ಮಗಳು ಭುವನಾ ಗಣಿತದಲ್ಲಿ ನಾಲ್ಕೇ ಅಂಕ ಕಡಿಮೆ ಬಿದ್ದು ಫೇಲಾದಳು. ಮರುಪರೀಕ್ಷೆಯಲ್ಲೂ ಹೋದರೆ ಓದು ಬಿಡಿಸಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಕಳಿಸುವುದೆಂದು ಅವರ ಮನೆಯಲ್ಲಿ ಮಾತಾಗಿತ್ತು. ಅಪ್ಪ ಮಗಳು ಇಬ್ಬರೂ ನಮ್ಮಲ್ಲಿಗೆ ಬಂದರು.

"ಐದು ಅಂಕದ ವೆಕ್ಟರ್ ಲೆಕ್ಕ ಏನ್ ಮಾಡಿದಿ? ಎರಡು, ಮೂರು ಅನ್ನೋ ವೆಕ್ಟರಿಗೆ ನಾಲ್ಕು, ಒಂದು ಅನ್ನೋದನ್ನ ಕೂಡಸೂದಿತ್ತು," ಎಂದರು ಇವರು.

"ಎರಡು, ಮೂರು, ನಾಲ್ಕು, ಒಂದು ಅಂತ ಸಾಲಾಗಿ ಜೋಡಿಸಿದೆರಿ ಸರ್. ಮಧ್ಯಾಹ್ನ ನೀವ ಹಂಗ ಮಾಡಸ್ತಿದ್ರಿ."

"ಎರಡಕ್ಕ ನಾಲ್ಕು ಕೂಡಿ ಆರು, ಮೂರಕ್ಕ ಒಂದು ಕೂಡಿ ನಾಲ್ಕು ಬರ್ತೈತಿ, ದಡ್ಡಿ. ನಿಮ್ಮಪ್ಪನ ಕೇಳು. ಎರಡು ಗಾಡಿ ಮೆಣಸಿನಕಾಯಿ ಬಂದ್ರ ದುಂಡನ ಡಬ್ಬಿ ಕಾಯಿ ಚೀಲ ಡಬ್ಬಿ ಕಡೆ, ಉದ್ದನ ಕಡ್ಡಿ ಕಾಯಿ ಚೀಲ ಕಡ್ಡಿ ಕಡೆ. ಹೌದಿಲ್ಲೋ?"

ಬಾಗಿಲ ಬಳಿಯೇ ಕುಂತಿದ್ದ ಗಿರಿಯಪ್ಪ ಮೆಲ್ಲಗೆ ಹೇಳಿದ: "ಖರೇ ಐತ್ರಿ ಸರ್. ಆದ್ರ ಚೀಲಕ್ಕ ಯಾವ ಕಾಯಿ ಅಂತ ಚೀಟಿ ಇರತೈತ್ರಿ. ಚೀಟಿ ಇಲ್ಲದ ಚೀಲ ಬಂದು ನಾ ತಪ್ಪು ರಾಶಿಗೆ ಸುರುವಿದ್ರ, ಹಮಾಲಗ ಯಾರೂ ಬೈಯೂದಿಲ್ಲ. ಕಳಿಸಿದವ್ರಿಗೆ ಬೈತಾರ."

"ನಾಳಿಂದ ಇಲ್ಲೇ ಪಾಠಕ್ಕ ಬಾ," ಎಂದರು ಮಾಸ್ತರರು ಭುವನಾಳಿಗೆ. ನನಗೆ ಮೈಯೆಲ್ಲ ಉರಿಯಿತು. ಇದನ್ನೇ ನಾನು ಹೇಳಿದಾಗ ಕಿವಿಗೆ ಹಾಕಿಕೊಂಡಿರಲಿಲ್ಲವಲ್ಲ.

ಮರುದಿನದಿಂದ ನಮ್ಮ ಪಡಸಾಲೆಯಲ್ಲೇ ಭುವನಾಳಿಗೆ ಪಾಠ. ಪ್ರತಿ ಹಾಳೆಯ ಮೇಲೆ ಮೊದಲು 'ಗಣಿತದ್ದು' ಅಥವಾ 'ಕಂಪ್ಯೂಟರಿನದು' ಎಂದು ಇವರೇ ಬರೆದುಕೊಡುತ್ತಿದ್ದರು. ಮರೆತ ದಿನ ಹುಡುಗಿಯೇ "ಸರ್, ಚೀಟಿ," ಎನ್ನುತ್ತಿದ್ದಳು.

ಮರುಪರೀಕ್ಷೆಯ ಫಲಿತಾಂಶ ಬಂದ ದಿನ ಅವಳೇ ಫೋನ್ ಮಾಡಿದಳು. ಪಾಸಾಗಿದ್ದಳು. ನಾನು ಖುಷಿಗೆ ಸಿಹಿ ಸಜ್ಜಕ ಮಾಡಿ ಇವರ ಮುಂದಿಟ್ಟೆ. ತಟ್ಟೆ ಮುಟ್ಟಲಿಲ್ಲ.

"ಇನ್ನೇನ್ರಿ ನಿಮ್ಮದು? ಆಕಿ ಪಾಸಾದಳಲ್ಲ," ಎಂದೆ, ಬೇಸರ ತಡೆಯದೆ.

"ನಾ ಚೀಟಿ ಹಚ್ಚಿದ್ರ ಹೋದ ಸಲಾನೂ ಪಾಸಾಗ್ತಿದ್ಲು," ಎಂದರು.