ಎಸೆದು ‘ತಲುಪಿದೆ’ ಎಂದ ಫಿಲ್ಟರ್

ಆಫೀಸಿಗೆ ಬರುವ ಪ್ರತಿ ಮೇಲನ್ನೂ ನಿಮಗಿಂತ ಮೊದಲು ಫಿಲ್ಟರ್ ಎಂಬ ಒಂದು ಯಂತ್ರ ಓದುತ್ತದೆ. ಅದು ಕೆಟ್ಟಾಗ ಏನು ಮಾಡಬೇಕೆಂದು ಯಾರೋ ಒಬ್ಬ ಮನುಷ್ಯ ಮೊದಲೇ ಹೇಳಿಟ್ಟಿರುತ್ತಾನೆ. ಇದು ಗೊತ್ತಿದ್ದೂ ‘ಸಿಸ್ಟಮ್ ಪ್ರಾಬ್ಲಮ್’ ಅಂತ ಕೈ ಕೊಡವಿಕೊಳ್ಳುವವರು ನನಗೆ ಆಗಿಬರುವುದಿಲ್ಲ.

ಜಯದೇವಿಗೂ ಆಗಿಬರುವುದಿಲ್ಲ. ಧಾರವಾಡದವರು, ಟೆಕ್ಸಸ್ಸಿನ ಪ್ಲೇನೋದಲ್ಲಿ ಮನೆ. ಡಯಾಲಿಸಿಸ್ ಕ್ಲಿನಿಕ್‌ಗಳ ಒಂದು ಕಂಪನಿಯಲ್ಲಿ ಕಾಂಟ್ರಾಕ್ಟ್ ಮೇಲೆ ಫೈರ್‌ವಾಲ್, ಮೇಲ್ ಫಿಲ್ಟರ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಅವರ ಮ್ಯಾನೇಜರ್ ಮೈಸೂರಿನ ಪ್ರಹ್ಲಾದ್. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯೂ ಹೌದು.

ಏಪ್ರಿಲ್‌ನಲ್ಲಿ ಅಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳುವ, ಹತ್ತಿರದ ಯೂಲೆಸ್ ಊರಿನ ಚನ್ನಬಸಪ್ಪ ಅಂಕಲ್ ಕ್ಲಿನಿಕ್ಕಿಗೆ ಬಂದು ಗಲಾಟೆ ಮಾಡಿದರು. ಕಿಡ್ನಿ ಕಸಿಯ ಪರೀಕ್ಷೆಗೆ ಹ್ಯೂಸ್ಟನ್ನಿನ ಆಸ್ಪತ್ರೆ ದಿನ ಕೊಟ್ಟು ಕ್ಲಿನಿಕ್ಕಿಗೆ ಮೇಲ್ ಕಳಿಸಿತ್ತಂತೆ. ಕ್ಲಿನಿಕ್ಕಿನಲ್ಲಿ ಅದನ್ನು ಯಾರೂ ಕಂಡಿಲ್ಲ. ಉತ್ತರ ಬರಲಿಲ್ಲವೆಂದು ಆಸ್ಪತ್ರೆ ಕಸಿಯ ಪಟ್ಟಿಯಲ್ಲಿ ಅವರ ಹೆಸರನ್ನು ತಡೆಹಿಡಿದಿತ್ತು. ತಪ್ಪು ಕ್ಲಿನಿಕ್ಕಿನದೇ ಎಂದು ಬರೆದು ಕೊಟ್ಟರೆ ಮಾತ್ರ ವಾಪಸ್ ಸೇರಿಸುತ್ತೇವೆ ಎಂದಿತು.

ಜಯದೇವಿ ಮೇಲ್ ಸರ್ವರಿನ ಲಾಗ್, ಅಂದರೆ ಅದರ ದಿನಚರಿ, ತೆಗೆದರು. ಮೇಲ್ ಬಂದಿತ್ತು. ಹ್ಯೂಸ್ಟನ್ನಿಗೆ ‘ತಲುಪಿದೆ’ ಎಂಬ ಉತ್ತರವೂ ಹೋಗಿತ್ತು. ಆದರೆ ಅದರ ಮೇಲಿನ ಸಾಲಿನಲ್ಲೇ ಫಿಲ್ಟರ್ ಎರರ್, ಮೇಲ್ ಕಸಕ್ಕೆ. ಫಿಲ್ಟರ್ ಕೈಕೊಟ್ಟರೆ, ಈಗ ಆಗಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಿ ಎಂದು ಕಳಿಸಿದವರಿಗೆ ಹೇಳುವುದು ಕ್ರಮ. ಇಲ್ಲಿ ಯಾರೋ ಆ ಸೆಟ್ಟಿಂಗ್ ಬದಲಿಸಿದ್ದರು.

ಯಾರೋ ಏನು, ಪ್ರಹ್ಲಾದ್; ಲಾಗಿನಲ್ಲೇ ಅವರ ಹೆಸರಿತ್ತು. ಸಂಘದ ಯುಗಾದಿ ಸ್ಮರಣ ಸಂಚಿಕೆಯನ್ನು, ಪುಟಪುಟಕ್ಕೂ ಬಣ್ಣದ ಫೋಟೊ ಇದ್ದದ್ದನ್ನು, ಅವರು ಆಫೀಸ್ ಮೇಲ್‌ಗೇ ತರಿಸಿಕೊಂಡಿದ್ದರು. ಅಧ್ಯಕ್ಷರ ಫೋಟೊ ಚಿಕ್ಕದಾಯಿತಂತೆ, ಪ್ರಾಯೋಜಕರ ಹೆಂಡತಿಯ ಹೆಸರು ಬಿಟ್ಟುಹೋಯಿತಂತೆ. ಕಮಿಟಿಯ ಪ್ರತಿಯೊಬ್ಬರೂ ಒಂದೊಂದು ತಿದ್ದಿ, ಇಡೀ ಸಂಚಿಕೆಯನ್ನೇ ಮತ್ತೆ ಮತ್ತೆ ಕಳಿಸಿದರು. ಫಿಲ್ಟರಿಗೆ ಉಸಿರುಗಟ್ಟಿತು, ಮೇಲ್‌ಗಳು ಸಾಲುಗಟ್ಟಿ ನಿಂತವು. ಸಾಲು ಕರಗಲಿ ಎಂದು, ಎರರ್ ಬಂದದ್ದನ್ನೆಲ್ಲ ಎಸೆಯುವ ಹಾಗೆ ಮಾಡಿ ಸಾಹೇಬರು ಹೋಳಿಗೆ ಊಟಕ್ಕೆ ಹೋದರು. ಮರೆತೇಬಿಟ್ಟರು.

ಜಯದೇವಿ ಸೆಟ್ಟಿಂಗ್ ಸರಿಮಾಡಿ, ನಡೆದದ್ದನ್ನು ನಡೆದ ಹಾಗೆ ಬರೆದರು. ಪ್ರಹ್ಲಾದ್ ಓದಿ ರೂಮಿನ ಬಾಗಿಲು ಹಾಕಿದರು. ಆಸ್ಪತ್ರೆಯವರೇ ವಿಳಾಸ ತಪ್ಪಾಗಿ ಹಾಕಿದ್ದರು ಅಂತ ಬರೆದುಬಿಡಿ ಎಂದರು.

“ನಾವು ನಾವೇ ಅಲ್ವಾ ಜಯದೇವಿ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

“ಚನ್ನಬಸಪ್ಪ ಕಾಕಾನೂ ನಮ್ಮವರೇ ಅಲ್ರೀ ಸರ? ಅವ್ರ ಕಿಡ್ನಿಗೆ ನೀವ ಹೇಳ್ರಿ, ಅಡ್ಜಸ್ಟ್ ಮಾಡ್ಕೋ ಅಂತ.”

ಎದ್ದು ಹೋಗಿ, ಬರೆದದ್ದನ್ನು ಕ್ಲಿನಿಕ್ಕಿನ ವೈದ್ಯರ ಕೈಗೇ ಕೊಟ್ಟರು. ವೈದ್ಯರು ಒಂದಕ್ಷರ ಬದಲಿಸದೆ ಹ್ಯೂಸ್ಟನ್ನಿಗೆ ಕಳಿಸಿದರು. ಅಂಕಲ್ ಹೆಸರು ವಾಪಸ್ ಸೇರಿತು. ಜಯದೇವಿಯ ಕಾಂಟ್ರಾಕ್ಟ್ ಮಾತ್ರ ಮುಂದುವರಿಯಲಿಲ್ಲ.

ಈಗ ಸಂಘದಲ್ಲಿ, ಫಿಲ್ಟರ್ ಕೆಡಿಸಿದ್ದೇ ಆಯಮ್ಮ ಎಂಬ ಮಾತು ಓಡಾಡುತ್ತಿದೆ. ಸೌತ್‌ಲೇಕ್‌ನ ದೊಡ್ಡ ಮನೆಗಳಲ್ಲಿ ಅದನ್ನು ಕಾಫಿ ಜೊತೆ ಕೊಡುತ್ತಿದ್ದಾರೆ. ಜಯದೇವಿ ಆಸ್ಟಿನ್‌ನಲ್ಲಿ ಬೇರೆ ಕೆಲಸ ಹುಡುಕಿಕೊಂಡಿದ್ದಾರೆ. ಯಾರ ಕನಿಕರವೂ ಅವರಿಗೆ ಬೇಕಿಲ್ಲ.

ಈ ಭಾನುವಾರ ಸಂಘದ ಸಭೆ. ಪ್ರಹ್ಲಾದ್ ವೇದಿಕೆಯ ಮೇಲಿರುತ್ತಾರೆ. ಸಂಚಿಕೆಯಲ್ಲಿ ನಿಮ್ಮ ಫೋಟೊ ನೋಡಿ ಹಿಗ್ಗಿದಿರಲ್ಲ, ಎದ್ದು ನಿಲ್ಲಿ. ಆ ಸೆಟ್ಟಿಂಗ್ ಬದಲಿಸಿದ್ದು ಯಾರು ಅಂತ ಮೈಕ್‌ನಲ್ಲೇ ಕೇಳಿ. ‘ನಾನು’ ಎಂದು ಅವರ ಬಾಯಿಂದ ಬರುವವರೆಗೆ ಕೂರಬೇಡಿ.